ಬೇಡಿದರೆ ಬರೆದದ್ದು ಬದಲಾಗುವುದೇ?



ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಮರಿಕಲ್ ಕಡೆಯ ಹಳ್ಳಿಯೊಂದರಿಂದ ನಮ್ಮ ಮಠದ ಹಳೆಯ ಭಕ್ತರೊಬ್ಬರು ಬಂದಿದ್ದರು. ನಾಲ್ಕೆಕರೆ ಹೊಲ, ತೊಗರಿ ಮತ್ತು ಹತ್ತಿ ಬೆಳೆಯುವವರು. ಅವರ ಮಗನಿಗೆ ರಕ್ತದ ಕಾಯಿಲೆ ಬಂದು ಮೊದಲು ರಾಯಚೂರಿಗೆ, ನಂತರ ಹೈದರಾಬಾದಿಗೆ ಒಯ್ದು ಎಂಟು ತಿಂಗಳು ಓಡಾಡಿದರು. ಹುಡುಗ ಉಳಿಯಲಿಲ್ಲ. ಹನ್ನೊಂದು ವರ್ಷದ ಕೂಸು. ಆ ಎಂಟು ತಿಂಗಳಲ್ಲಿ ಅವರು ಮಠದಲ್ಲಿ ಮೂರು ಬಾರಿ ರುದ್ರಾಭಿಷೇಕ ಮಾಡಿಸಿದ್ದರು. ನೆರೆಮನೆಯವರ ಒತ್ತಾಯಕ್ಕೆ ಅವರ ಮನೆಯವರು ಒಂದು ಕ್ರೈಸ್ತ ಪ್ರಾರ್ಥನಾ ಕೂಟಕ್ಕೂ ಕೆಲವು ಭಾನುವಾರ ಹೋಗಿಬಂದಿದ್ದರು. ಅದನ್ನು ಅವರು ಮುಚ್ಚಿಡಲಿಲ್ಲ. ನಾವೂ ಅದಕ್ಕಾಗಿ ಅವರನ್ನು ತಪ್ಪಿತಸ್ಥರೆಂದು ಎಣಿಸಲಿಲ್ಲ. ಮಗು ಹಾಸಿಗೆ ಹಿಡಿದಾಗ ತಾಯಿಯಾದವಳು ಯಾವ ಬಾಗಿಲು ತಟ್ಟಬಾರದು ಎಂದು ಹೇಳುವ ಅಧಿಕಾರ ಯಾರಿಗಿದೆ?

ಅವರು ಕೇಳಿದ್ದು ಇಷ್ಟು: “ಅಲ್ಲಿಯವರು ನಿಮ್ಮ ನಂಬಿಕೆ ಸಾಲದಾಯಿತು ಅಂದರು. ನನ್ನ ಹೆಂಡತಿ ಆ ಮಾತು ಹಿಡಿದು ಇವತ್ತಿಗೂ ಉಣ್ಣುವುದಿಲ್ಲ. ನೀವು ಏನು ಹೇಳುತ್ತೀರಿ?”

ನಾವು ಆ ಹೊತ್ತಿಗೆ ರಸೀದಿ ಪುಸ್ತಕ ಬರೆಯುತ್ತ ಕೂತಿದ್ದೆವು. ತಲೆ ಎತ್ತಿ, “ಹಣೆಯಲ್ಲಿ ಬರೆದದ್ದು ಯಾರಿಂದ ತಪ್ಪಿಸಲಿಕ್ಕೆ ಆಗುತ್ತದೆ, ಸಮಾಧಾನ ಮಾಡಿಕೊಳ್ಳಿ” ಎಂದುಬಿಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಿಟ್ಟಿಲ್ಲದ ದನಿಯಲ್ಲಿಯೇ, “ಹಾಗಾದರೆ ಆ ಮೂರು ರಸೀದಿ ಯಾಕೆ ಹರಿದಿರಿ?” ಎಂದರು.

ಅವರು ಹೋದ ಮೇಲೆ ಆ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆವು. ರಸೀದಿಯಲ್ಲಿ ‘ಉದ್ದೇಶ’ ಎಂಬ ಒಂದು ಅಂಕಣವಿದೆ. ಮೂರರಲ್ಲಿಯೂ ನಮ್ಮ ಕೈಬರಹದಲ್ಲಿಯೇ ‘ಆರೋಗ್ಯ ಪ್ರಾಪ್ತಿಗಾಗಿ’ ಎಂದು ಬರೆದಿತ್ತು. ಆ ದಿನದಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಪೂಜ್ಯ ಶ್ರೀಗಳವರ ಅಪ್ಪಣೆ ಪಡೆದು, ತಿಳಿದವರನ್ನು ಕೇಳಿ, ಸಿಕ್ಕ ಪುಸ್ತಕಗಳನ್ನು ಓದಿ, ನಮಗೆ ತೋಚಿದ್ದನ್ನು ಭಕ್ತರ ಮುಂದೆ ಇಡುತ್ತಿದ್ದೇವೆ. ಆ ತಾಯಿಗೆ ಪೆಟ್ಟಾದದ್ದು ಕ್ರೈಸ್ತರ ಕೂಟದ ಮಾತಿನಿಂದ. ಆದ್ದರಿಂದ ಅವರ ಧರ್ಮ ಈ ವಿಷಯದಲ್ಲಿ ನಿಜವಾಗಿ ಏನು ಹೇಳುತ್ತದೆ ಎಂಬುದನ್ನೇ ಮೊದಲು ನೋಡೋಣ. ಇದು ಪರಧರ್ಮವನ್ನು ಹಳಿಯುವ ಲೇಖನವಲ್ಲ ಎಂಬುದನ್ನು ಆರಂಭದಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಸೀಮೆಗೆ ಕ್ರೈಸ್ತರು ಹೊಸಬರಲ್ಲ. ಅಮೆರಿಕೆಯ ಮೆನ್ನೊನೈಟ್ ಬ್ರದರನ್ ಮಿಷನ್ನಿನವರು 1899ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಬಂದು, ಮುಂದೆ ಮಹಬೂಬನಗರ, ವನಪರ್ತಿ, ಗದ್ವಾಲದ ಕಡೆಗೆಲ್ಲ ಕೆಲಸ ಮಾಡಿದರು. ಜಡಚರ್ಲದ ಅವರ ಆಸ್ಪತ್ರೆಯ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಅವರ ಮೂಲಪುರುಷ 16ನೆಯ ಶತಮಾನದ ಮೆನ್ನೊ ಸೈಮನ್ಸ್ ಎಂಬ ಡಚ್ ಗುರು.

ಪ್ರಾರ್ಥನೆಯಿಂದ ಮುಂದಾಗುವುದು ಬದಲಾಗುತ್ತದೆಯೇ ಎಂಬ ಪ್ರಶ್ನೆಗೆ ಅವರ ಬೈಬಲ್ಲಿನಲ್ಲಿ ಎರಡೂ ಬಗೆಯ ಮಾತು ಸಿಗುತ್ತವೆ. ಹಿಜ್ಕೀಯನೆಂಬ ಅರಸನಿಗೆ ಕಾಯಿಲೆಯಾಗುತ್ತದೆ. ಪ್ರವಾದಿ ಯೆಶಾಯನು ಬಂದು, ನೀನು ಉಳಿಯುವುದಿಲ್ಲ, ಮನೆಯ ವ್ಯವಸ್ಥೆ ಮಾಡಿಕೋ ಎಂದು ದೇವರ ಹೆಸರಿನಲ್ಲಿ ಹೇಳಿ ಹೋಗುತ್ತಾನೆ. ಅರಸನು ಗೋಡೆಯ ಕಡೆಗೆ ತಿರುಗಿ ಅಳುತ್ತ ಬೇಡಿಕೊಳ್ಳುತ್ತಾನೆ. ಪ್ರವಾದಿಯು ಅರಮನೆ ದಾಟುವುದರೊಳಗೆ ಮತ್ತೆ ಅಪ್ಪಣೆಯಾಗಿ, ಆತನ ಆಯುಸ್ಸಿಗೆ 15 ವರ್ಷ ಕೂಡಿಸಲಾಯಿತು ಎಂದು ಕಥೆ. ಯೋನನೆಂಬ ಇನ್ನೊಬ್ಬ ಪ್ರವಾದಿಯು ನಿನೆವೆ ಪಟ್ಟಣಕ್ಕೆ ಹೋಗಿ, 40 ದಿನಗಳಲ್ಲಿ ಈ ಊರು ನಾಶವಾಗುತ್ತದೆ ಎಂದು ಸಾರುತ್ತಾನೆ. ಊರವರು ಅರಸನಿಂದ ಮೊದಲಾಗಿ ತಪ್ಪೊಪ್ಪಿಕೊಂಡು ಉಪವಾಸ ಮಾಡುತ್ತಾರೆ, ಊರು ಉಳಿಯುತ್ತದೆ. ತನ್ನ ಮಾತು ಸುಳ್ಳಾಯಿತೆಂದು ಯೋನನಿಗೆ ಸಿಟ್ಟು ಬರುತ್ತದೆ!

ಆದರೆ ಅದೇ ಗ್ರಂಥದ ಬೇರೆ ಭಾಗದಲ್ಲಿ, ದೇವರು ಮನುಷ್ಯನಂತೆ ಮನಸ್ಸು ಬದಲಿಸುವವನಲ್ಲ ಎಂದೂ ಹೇಳಿದೆ. ಸೌಲನೆಂಬ ಅರಸನ ಕಥೆ ಬರುವ ಒಂದೇ ಅಧ್ಯಾಯದಲ್ಲಿ, ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟನೆಂದೂ ಇದೆ, ದೇವರು ಪಶ್ಚಾತ್ತಾಪಪಡುವವನಲ್ಲ ಎಂದೂ ಇದೆ. ಆದ್ದರಿಂದ ಅವರ ವಿದ್ವಾಂಸರು ಹದಿನೆಂಟು ನೂರು ವರ್ಷಗಳಿಂದ ಇದನ್ನು ಚರ್ಚಿಸುತ್ತಲೇ ಬಂದಿದ್ದಾರೆ. ಅವರ ಉತ್ತರಗಳು ಸ್ಥೂಲವಾಗಿ ಮೂರು.

ಮೊದಲನೆಯದು: ದೇವರಿಗೆ ಎಲ್ಲವೂ ಮೊದಲೇ ಗೊತ್ತು, ಆದರೆ ನಮ್ಮ ಪ್ರಾರ್ಥನೆಯೂ ಆ ಲೆಕ್ಕದಲ್ಲಿ ಮೊದಲೇ ಸೇರಿದೆ. 3ನೆಯ ಶತಮಾನದಲ್ಲಿ ಒರಿಗೆನ್ ಎಂಬ ಪಂಡಿತನಿಗೆ ಅವನ ಗೆಳೆಯನೊಬ್ಬ, ದೇವರಿಗೆ ಮುಂದಿನದು ಗೊತ್ತಿದ್ದ ಮೇಲೆ ಬೇಡುವುದು ವ್ಯರ್ಥವಲ್ಲವೇ ಎಂದು ಕೇಳಿದ್ದನು. ಅದಕ್ಕೆ ಉತ್ತರವಾಗಿ ಅವನು ಪ್ರಾರ್ಥನೆಯ ಮೇಲೆ ಒಂದು ಗ್ರಂಥವನ್ನೇ ಬರೆದನು. 13ನೆಯ ಶತಮಾನದ ತೋಮಸ್ ಅಕ್ವಿನಾಸನು ಇದನ್ನೇ ಇನ್ನಷ್ಟು ಬಿಗಿಯಾಗಿ ಕಟ್ಟಿದನು. ದೇವರ ಸಂಕಲ್ಪವನ್ನು ಬದಲಿಸಲೆಂದು ಯಾರೂ ಪ್ರಾರ್ಥಿಸುವುದಿಲ್ಲ. ಯಾವುದು ಪ್ರಾರ್ಥನೆಯ ದಾರಿಯಿಂದಲೇ ಬರಬೇಕೆಂದು ಆತ ಸಂಕಲ್ಪಿಸಿದ್ದಾನೋ ಅದನ್ನು ಪಡೆಯಲು ಪ್ರಾರ್ಥಿಸುತ್ತಾರೆ ಎಂಬುದು ಅವನ ಅಭಿಪ್ರಾಯ. ನಮ್ಮ ಹೊಲದ ಮಾತಿನಲ್ಲಿ ಹೇಳುವುದಾದರೆ, ಈ ವರ್ಷ ಎಷ್ಟು ಚೀಲ ತೊಗರಿ ಆಗಬೇಕೆಂದು ದೇವರು ಗೊತ್ತುಮಾಡಿದ್ದರೆ, ನೀವು ಬಿತ್ತುವುದನ್ನೂ ಅವನು ಅದರೊಳಗೇ ಗೊತ್ತುಮಾಡಿದ್ದಾನೆ. ಬೆಳೆ ಗೊತ್ತಾಗಿದೆಯೆಂದು ಬಿತ್ತದೆ ಕೂಡುವ ರೈತನಿಲ್ಲ.

ಇಲ್ಲಿ ಒಂದು ತೊಡಕು ಬರುತ್ತದೆ. ಮೊದಲೇ ಗೊತ್ತಾಗಿದ್ದರೆ, ಪ್ರಾರ್ಥಿಸುವವನ ಸ್ವಂತದ್ದೇನು ಉಳಿಯಿತು? ನಾವು ವಾಣಿಜ್ಯ ಓದಿದವರಾದ್ದರಿಂದ ನಮಗೆ ಕೀರ್ದಿ-ಖತಾವಣಿಯ ಉದಾಹರಣೆಯೇ ಹೊಳೆಯುತ್ತದೆ. ಅಡತಿ ಅಂಗಡಿಯಲ್ಲಿ ಮಾಲು ಮಾರಾಟವಾದದ್ದರಿಂದ ಕೀರ್ದಿಯಲ್ಲಿ ಬರೆಯುತ್ತೇವೆಯೇ ಹೊರತು, ಕೀರ್ದಿಯಲ್ಲಿ ಬರೆದದ್ದರಿಂದ ಮಾರಾಟವಾಗುವುದಿಲ್ಲ. ತಿಳಿದಿರುವುದು ಬೇರೆ, ಮಾಡಿಸುವುದು ಬೇರೆ. ಆದರೆ ನಮ್ಮ ಕೀರ್ದಿ ಸಂಜೆ ಬರೆಯುವಂಥದು, ದೇವರ ಕೀರ್ದಿ ಮುಂಜಾನೆಯೇ ಬರೆದಿಟ್ಟದ್ದು! ಇದಕ್ಕೆ 6ನೆಯ ಶತಮಾನದ ಬೋಯಿಥಿಯಸ್ ಎಂಬವನು, ಸೆರೆಮನೆಯಲ್ಲಿ ಮರಣದಂಡನೆಗೆ ಕಾಯುತ್ತ ಬರೆದ ಗ್ರಂಥದಲ್ಲಿ ಒಂದು ಉತ್ತರ ಕೊಟ್ಟಿದ್ದಾನೆ. ದೇವರು ಕಾಲದ ಒಳಗೆ ಇದ್ದು ಮುಂದಕ್ಕೆ ನೋಡುವವನಲ್ಲ, ಕಾಲದ ಹೊರಗೆ ಇದ್ದು ಎಲ್ಲವನ್ನೂ ಒಂದೇ ನೋಟದಲ್ಲಿ ಕಾಣುವವನು ಎಂಬುದು ಅದರ ಸಾರ. ಮಕ್ತಲ್ ರಸ್ತೆಯಲ್ಲಿ ಬಂಡಿ ಹೊಡೆಯುವವನಿಗೆ ಮುಂದಿನ ತಿರುವು ಕಾಣದು. ಗುಡ್ಡದ ಮೇಲೆ ನಿಂತವನಿಗೆ ಬಂಡಿ ಹೊರಟ ಊರು, ಸೇರುವ ಊರು ಎರಡೂ ಕಾಣುತ್ತವೆ. ಹಾಗೆಂದು ಎತ್ತನ್ನು ತಿರುಗಿಸುವವನು ಬಂಡಿಯವನೇ.

ಎರಡನೆಯ ಉತ್ತರ: ಪ್ರಾರ್ಥನೆ ಬದಲಿಸುವುದು ದೇವರನ್ನಲ್ಲ, ಪ್ರಾರ್ಥಿಸುವವನನ್ನು. 16ನೆಯ ಶತಮಾನದ ಕ್ಯಾಲ್ವಿನ್ ಎಂಬ ಸುಧಾರಕನು ಎಲ್ಲವೂ ದೇವಸಂಕಲ್ಪವೆಂದು ಗಟ್ಟಿಯಾಗಿ ಹೇಳಿದವನು. ಆದರೂ ತನ್ನ ಮುಖ್ಯ ಗ್ರಂಥದಲ್ಲಿ ಪ್ರಾರ್ಥನೆಗೆ ಬಹು ದೀರ್ಘವಾದ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಕೇಳುವ ಮೊದಲೇ ತಂದೆಗೆ ನಿಮ್ಮ ಕೊರತೆ ಗೊತ್ತು ಎಂದು ಯೇಸುವೇ ಶಿಷ್ಯರಿಗೆ ಹೇಳಿ, ಆ ಬಳಿಕವೇ ಪ್ರಾರ್ಥನೆ ಕಲಿಸಿದ್ದಾನೆ. ಗೊತ್ತಿದ್ದವನಿಗೆ ಮತ್ತೆ ಹೇಳುವುದು ತಿಳಿಸಲಿಕ್ಕಲ್ಲ, ಹೇಳುವವನ ಮನಸ್ಸು ಹದಗೊಳ್ಳಲಿಕ್ಕೆ ಎಂಬುದು ಇದರ ತಾತ್ಪರ್ಯ.

ಮೂರನೆಯದು ಇತ್ತೀಚಿನದು. 1994ರಲ್ಲಿ ಕೆನಡಾದ ಕ್ಲಾರ್ಕ್ ಪಿನಾಕ್ ಮತ್ತು ಇತರ ನಾಲ್ವರು ಕೂಡಿ ಬರೆದ ಪುಸ್ತಕವೊಂದು, ಮುಂದಿನದು ಇನ್ನೂ ಪೂರ್ತಿ ಬರೆದಿಲ್ಲ ಎಂದು ವಾದಿಸಿತು. ದೇವರು ಮಕ್ಕಳ ಮಾತಿಗೆ ಕಿವಿಗೊಡುವ ತಂದೆಯಂತೆ, ಬೇಡಿಕೆ ಕೇಳಿ ನಿಜವಾಗಿಯೇ ಬೇರೆ ದಾರಿ ಹಿಡಿಯಬಲ್ಲನು ಎಂಬುದು ಅವರ ಮತ. ಹೀಗಾದರೆ ದೇವರ ಸರ್ವಜ್ಞತ್ವಕ್ಕೆ ಕುಂದು ಬರುತ್ತದೆ ಎಂದು ಅವರ ಧರ್ಮದವರೇ ಬಹಳ ಮಂದಿ ಇದನ್ನು ಒಪ್ಪಲಿಲ್ಲ.

ಈ ಮೂರರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವುದು ನಮ್ಮ ಯೋಗ್ಯತೆಯಲ್ಲ. ಆದರೆ ಒಂದು ಮಾತು ಭಕ್ತರು ಗಮನಿಸಬೇಕು. ಈ ಮೂರರಲ್ಲಿ ಯಾವುದೂ, ಕೇಳಿದ್ದು ಸಿಗದಿದ್ದರೆ ಕೇಳಿದವರ ನಂಬಿಕೆ ಸಾಲದು ಎಂದು ತೀರ್ಮಾನಿಸಲು ನಮಗೆ ಅಧಿಕಾರ ಕೊಡುವುದಿಲ್ಲ. ನಂಬಿಕೆಯ ಬಲವನ್ನು ಕೊಂಡಾಡುವ ಮಾತುಗಳು ಅವರ ಗ್ರಂಥದಲ್ಲಿ ಇರುವುದು ನಿಜ, ಆ ಕೂಟದವರು ಅವನ್ನೇ ಹಿಡಿದಿರಬಹುದು. ಆದರೆ ಕ್ರೈಸ್ತ ಧರ್ಮದ ನಟ್ಟನಡುವೆ ಇರುವುದೇ ಕೈಗೂಡದ ಒಂದು ಪ್ರಾರ್ಥನೆ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು, ಸಾಧ್ಯವಾದರೆ ಈ ಸಂಕಟ ತನ್ನಿಂದ ತೊಲಗಲಿ, ಆದರೂ ತನ್ನ ಇಚ್ಛೆಯಲ್ಲ ತಂದೆಯ ಇಚ್ಛೆ ನಡೆಯಲಿ ಎಂದು ಬೇಡಿದನು. ಸಂಕಟ ತೊಲಗಲಿಲ್ಲ. ಮರುದಿನ ಶಿಲುಬೆಯೇ ಆಯಿತು. ಅವರ ಇನ್ನೊಬ್ಬ ಹಿರಿಯ ಪೌಲನು ತನ್ನ ದೇಹದ ಬಾಧೆಯೊಂದು ಹೋಗಲೆಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲವೆಂದು ತಾನೇ ಬರೆದಿದ್ದಾನೆ. ಇವರಿಬ್ಬರ ನಂಬಿಕೆ ಸಾಲದಾಗಿತ್ತೆಂದು ಯಾವ ಕ್ರೈಸ್ತನೂ ಹೇಳಲಾರನು. ಹಾಗಿದ್ದ ಮೇಲೆ ಮಗು ಕಳೆದುಕೊಂಡ ತಾಯಿಗೆ ಆ ಮಾತು ಹೇಳಿದವರು ತಮ್ಮ ಧರ್ಮವನ್ನೇ ಪೂರ್ತಿ ಓದಿಲ್ಲವೆಂದು ನಮಗೆ ಅನಿಸುತ್ತದೆ.

ಈ ಕಾಲದವರು ಇದನ್ನು ಎಣಿಕೆಯಿಂದಲೂ ಪರೀಕ್ಷಿಸಿದ್ದಾರೆ. 1872ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬವರು, ಅರಸರ ದೀರ್ಘಾಯುಸ್ಸಿಗಾಗಿ ಚರ್ಚುಗಳಲ್ಲೆಲ್ಲ ಪ್ರಾರ್ಥನೆ ನಡೆಯುತ್ತದಲ್ಲ, ಅವರು ಹೆಚ್ಚು ಬದುಕುತ್ತಾರೆಯೇ ಎಂದು ಲೆಕ್ಕ ಹಾಕಿದರು. ಅವರು ಹೋಲಿಸಿ ನೋಡಿದ ಸ್ಥಿತಿವಂತ ವರ್ಗಗಳಲ್ಲೆಲ್ಲ ಅರಸರ ಆಯುಸ್ಸೇ ಕಡಿಮೆಯಿತ್ತು. 2006ರಲ್ಲಿ ಅಮೆರಿಕೆಯ ವೈದ್ಯರು ಹೃದಯದ ಶಸ್ತ್ರಚಿಕಿತ್ಸೆಯಾದ 1802 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ತಮಗಾಗಿ ಪ್ರಾರ್ಥನೆ ನಡೆಯುತ್ತದೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ನಡೆದವರಿಗೆ ಶೇ. 52, ನಡೆಯದವರಿಗೆ ಶೇ. 51 ಮಂದಿಗೆ ತೊಂದರೆಗಳು ಕಾಣಿಸಿದವು, ಅಂದರೆ ವ್ಯತ್ಯಾಸವಿಲ್ಲ. ಪ್ರಾರ್ಥನೆ ಖಂಡಿತ ನಡೆಯುತ್ತದೆ ಎಂದು ಮೊದಲೇ ತಿಳಿಸಿದವರಲ್ಲಿ ಶೇ. 59 ಮಂದಿಗೆ ತೊಂದರೆಯಾಯಿತು. ಇಷ್ಟು ಜನ ಪ್ರಾರ್ಥಿಸುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ ಎಂಬ ಅಂಜಿಕೆಯೇ ಕಾರಣವಿರಬಹುದೆಂದು ಕೆಲವರು ಊಹಿಸಿದರು. ದೇವರು ಪ್ರಯೋಗಶಾಲೆಗೆ ಸಿಗುವವನಲ್ಲ ಎಂದು ಆಸ್ತಿಕರು ಹೇಳಬಹುದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಾರ್ಥನೆಯನ್ನು ಔಷಧಿಯಂತೆ, ಗುಣದ ಭರವಸೆ ಕೊಟ್ಟು ಹಂಚಬಾರದು ಎಂಬುದಕ್ಕೆ ಇಷ್ಟು ಸಾಕು.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. ಕ್ರೈಸ್ತರ ಕೂಟದವರನ್ನು ಅಂದು ನಾವು ಪಾರಾಗುವಂತಿಲ್ಲ.

2019ರ ಜೂನ್ ತಿಂಗಳಲ್ಲಿ ಮಳೆ ಬಾರದ್ದರಿಂದ ಕರ್ನಾಟಕ ಸರಕಾರದ ಮುಜರಾಯಿ ಇಲಾಖೆಯು ತನ್ನ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ಮಾಡಿಸಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿ ಬೆಳಗಾವಿ, ಬಾಗಲಕೋಟೆಯಿಂದ ಯಾದಗಿರಿ, ರಾಯಚೂರುವರೆಗೆ ಹೊಲ ಮನೆ ಮುಳುಗಿದವು. ಜೂನ್ ತಿಂಗಳ ಬೇಡಿಕೆ ಫಲಿಸಿತು ಎನ್ನುವವರು ಆಗಸ್ಟ್ ತಿಂಗಳ ನೀರಿಗೂ ಉತ್ತರ ಹೇಳಬೇಕಾಗುತ್ತದೆ. 2009ರ ಅಕ್ಟೋಬರ್ ತಿಂಗಳ ಮಹಾಪೂರವನ್ನು ಗದ್ವಾಲ, ಆಲಂಪುರದ ಕಡೆಯ ಭಕ್ತರಿಗೆ ನೆನಪಿಸಬೇಕಾಗಿಲ್ಲ. ಆಗ ಅಲ್ಲಿ ಬೇಡಿಕೊಳ್ಳದ ಮನೆ ಯಾವುದಿತ್ತು?

ಮಠದ ಮುಂದೆ ಒಂದೇ ಸಾಲಿನಲ್ಲಿ ನಿಲ್ಲುವ ಭಕ್ತರನ್ನು ನೋಡಿ. ಜುರಾಲ ಕಾಲುವೆಯ ನೀರು ಮುಟ್ಟದ ಒಣಬೇಸಾಯದವರು ಮಳೆ ಬರಲಿ ಎನ್ನುತ್ತಾರೆ. ಅವರ ಹಿಂದೆ ನಿಂತವರ ಭತ್ತ ಕೊಯ್ದು ಬಯಲಲ್ಲಿ ಬಿದ್ದಿದೆ, ಅವರು ಬಿಸಿಲು ಇರಲಿ ಎನ್ನುತ್ತಾರೆ. ತೊಗರಿ ದಾಸ್ತಾನು ಮಾಡಿದ ವ್ಯಾಪಾರಿ ದರ ಏರಲಿ ಎಂದು ಬೇಡುತ್ತಾರೆ, ಕೂಲಿ ಮಾಡಿ ಬೇಳೆ ಕೊಳ್ಳುವ ತಾಯಿ ದರ ಇಳಿಯಲಿ ಎನ್ನುತ್ತಾಳೆ. ನಾವು ನಾಲ್ವರಿಗೂ ರಸೀದಿ ಕೊಡುತ್ತೇವೆ! ನಾಲ್ಕೂ ಈಡೇರುವಂತಿಲ್ಲ ಎಂಬುದನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಕಾಗಿಲ್ಲ.

ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನವರ ಕಾಲಜ್ಞಾನವನ್ನು ನಮ್ಮ ಸೀಮೆಯಲ್ಲಿ ಭಕ್ತಿಯಿಂದ ಕೇಳುವವರಿದ್ದಾರೆ. ಮುಂದಾಗುವುದನ್ನು ಹಿರಿಯರು ಹೇಳಿಬಿಟ್ಟಿದ್ದಾರೆ, ಇನ್ನು ನಾವು ಮಾಡುವುದೇನಿದೆ ಎಂದು ಕೆಲವರು ಕೈಕಟ್ಟುತ್ತಾರೆ. ಯೋನನ ಕಥೆಯಲ್ಲಿ ಇದಕ್ಕೊಂದು ತಿಳಿವಳಿಕೆಯಿದೆ ಎಂದು ನಮಗೆ ಅನಿಸಿತು. ಊರು ಮುಳುಗುತ್ತದೆ ಎಂದು ಸಾರಿದ್ದು, ಜನ ತಿದ್ದಿಕೊಂಡು ಊರು ಉಳಿಯಲಿ ಎಂದು. ಎಚ್ಚರಿಕೆಯ ಮಾತು ಸುಳ್ಳಾದರೆ ಅದೇ ಅದರ ಸಾರ್ಥಕ್ಯ. ಕಾಲಜ್ಞಾನವನ್ನೂ ಹೀಗೆ ಎಚ್ಚರಿಕೆಯೆಂದು ಓದಬಹುದು, ತೀರ್ಪೆಂದು ಓದಬೇಕಾಗಿಲ್ಲ.

ನಾವು ಆ ದಿನ ಹೇಳಿದ ‘ಹಣೆಬರಹ’ ಎಂಬ ಮಾತಾದರೂ ಶರಣರದಲ್ಲ. 12ನೆಯ ಶತಮಾನದ ಶರಣರು ತಿಥಿ, ವಾರ, ನಕ್ಷತ್ರಗಳ ಅಂಜಿಕೆಯನ್ನು ಬಿಡಿಸಿದವರು. ಹುಟ್ಟಿದ ಜಾತಿಯೇ ಬಾಳಿನ ಬರಹವೆಂಬುದನ್ನು ಅಳಿಸಿದವರು. ಎಲ್ಲವೂ ಬರೆದದ್ದೇ ಎಂದು ಅವರು ನಂಬಿದ್ದರೆ ಕಲ್ಯಾಣದಲ್ಲಿ ಅಷ್ಟು ಕಷ್ಟಪಡುವ ಕಾರಣವಿರಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂಡುವುದು ಬೇಡಿಕೆಯ ಪಟ್ಟಿ ಒಪ್ಪಿಸಲಿಕ್ಕಲ್ಲ. ಕೊಟ್ಟು ಕೊಳ್ಳುವ ಲೆಕ್ಕ ಅಂಗಡಿಯದು. ಪೂಜೆಯಲ್ಲಿ ತನ್ನನ್ನೇ ಒಪ್ಪಿಸಿದ ಮೇಲೆ ಪ್ರತಿಯಾಗಿ ಇಷ್ಟು ಕೊಡು ಎನ್ನಲು ಉಳಿಯುವವರು ಯಾರು? ನಮ್ಮ ಲಿಂಗಸುಗೂರು ಸೀಮೆಯವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಬೇಡದೆಯೇ ಬಂದದ್ದನ್ನೂ ಹಿಂದಿರುಗಿಸಿದ ಪರಂಪರೆ ನಮ್ಮದು.

ಹಾಗಾದರೆ ಕಷ್ಟದಲ್ಲಿ ಬೇಡುವುದು ತಪ್ಪೇ? ತಪ್ಪೆಂದು ನಾವು ಹೇಳಲಾರೆವು. ಮಗುವಿನ ಹಾಸಿಗೆಯ ಹತ್ತಿರ ಕೂತವರ ಬಾಯಲ್ಲಿ ಆ ಮಾತು ತಾನೇ ಬರುತ್ತದೆ. ಅದು ವ್ಯಾಪಾರವಲ್ಲ, ಪ್ರೀತಿ. ಅದನ್ನು ಫಲದಿಂದ ಅಳೆಯಬಾರದು. ಫಲ ಬಂದರೆ ಭಕ್ತಿ ದೊಡ್ಡದು, ಬಾರದಿದ್ದರೆ ಭಕ್ತಿ ಕೊರತೆ ಎಂಬ ಅಳತೆಗೋಲನ್ನು ಮಠದವರಾಗಲಿ, ಚರ್ಚಿನವರಾಗಲಿ ಕೈಯಲ್ಲಿ ಹಿಡಿಯುವುದೇ ಅಪರಾಧ.

ಪ್ರಾರ್ಥನೆಯು ಮುಂದಿನದನ್ನು ಬದಲಿಸುವುದನ್ನು ಕಣ್ಣಾರೆ ನೋಡಬೇಕೆಂದರೆ ಅದು ಪ್ರಾರ್ಥಿಸಿದವರ ಕೈಕಾಲುಗಳಲ್ಲಿ ಕಾಣುತ್ತದೆ. ಮೆದಕ್ಕಿನ ದೊಡ್ಡ ಚರ್ಚನ್ನು ನಮ್ಮ ಭಕ್ತರಲ್ಲಿ ಹಲವರು ನೋಡಿರಬಹುದು. ಚಾರ್ಲ್ಸ್ ವಾಕರ್ ಪೋಸ್ನೆಟ್ ಎಂಬ ಪಾದ್ರಿಯು ಬರಗಾಲದಲ್ಲಿ ಹಸಿದು ಬಂದ ಜನರಿಗೆ ಕೆಲಸ ಮತ್ತು ಅನ್ನ ದೊರೆಯಲೆಂದು ಅದನ್ನು ಕಟ್ಟಿಸಿದರೆಂದು ಪ್ರಸಿದ್ಧಿಯಿದೆ. ಹತ್ತು ವರ್ಷ ಕೆಲಸ ನಡೆದು, 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠೆಯಾಯಿತು. ಮಳೆಗಾಗಿ ಅವರೂ ಪ್ರಾರ್ಥಿಸಿರಬೇಕು. ಮಳೆಯ ಲೆಕ್ಕ ಯಾರ ಹತ್ತಿರವೂ ಇಲ್ಲ, ಉಂಡವರ ಅನ್ನದ ಲೆಕ್ಕ ಆ ಕಲ್ಲುಗಳಲ್ಲಿ ನಿಂತಿದೆ. ಧರ್ಮ ಬೇರೆಯಾದರೂ ಇದನ್ನು ಕಾಯಕ, ದಾಸೋಹ ಎಂದು ಕರೆಯಲು ನಮಗೆ ಸಂಕೋಚವಿಲ್ಲ.

ಇನ್ನು ನಮ್ಮ ತಪ್ಪಿನ ಮಾತು. ಆ ಎಂಟು ತಿಂಗಳಲ್ಲಿ ಮೂರು ಸಲ ರಸೀದಿ ಬರೆದ ನಾವು ಒಂದು ಸಲವೂ, ಹುಡುಗ ಯಾವ ಆಸ್ಪತ್ರೆಯಲ್ಲಿದ್ದಾನೆ, ರಕ್ತ ಬೇಕಾಗಿದೆಯೇ, ಹೈದರಾಬಾದಿನಲ್ಲಿ ನೀವು ಇಳಿದುಕೊಂಡದ್ದೆಲ್ಲಿ ಎಂದು ಕೇಳಲಿಲ್ಲ. ಅಲ್ಲಿ ನಮ್ಮ ಭಕ್ತರ ಮನೆಗಳಿವೆ, ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಕೇಳಿದ್ದರೆ ಹುಡುಗ ಉಳಿಯುತ್ತಿದ್ದನೆಂದು ನಾವು ಹೇಳುವುದಿಲ್ಲ. ಆದರೆ ಆ ತಂದೆತಾಯಿ ಆಸ್ಪತ್ರೆಯ ಜಗಲಿಯ ಮೇಲೆ ಮಲಗುತ್ತಿರಲಿಲ್ಲ. ಅಷ್ಟು ಭವಿಷ್ಯ ನಮ್ಮ ಕೈಯಲ್ಲಿತ್ತು, ನಾವು ಅದನ್ನು ಬದಲಿಸಲಿಲ್ಲ.

ಪೂಜ್ಯ ಶ್ರೀಗಳವರಿಗೆ ಇದನ್ನು ನಿವೇದಿಸಿದಾಗ ಅವರು, ರಸೀದಿ ನಿಲ್ಲಿಸುವುದು ಬೇಡ, ಅದರ ಹಿಂದೆ ಒಂದು ಹಾಳೆ ಸೇರಿಸಿ ಎಂದು ಅಪ್ಪಣೆ ಕೊಡಿಸಿದ್ದಾರೆ. ಇನ್ನು ಮುಂದೆ ಆರೋಗ್ಯಕ್ಕಾಗಿ ಸೇವೆ ಮಾಡಿಸುವವರ ಊರು, ಆಸ್ಪತ್ರೆ, ಬೇಕಾದ ಸಹಾಯ ಇವನ್ನು ಆ ಹಾಳೆಯಲ್ಲಿ ಬರೆದುಕೊಂಡು ಆಯಾ ಊರಿನ ಭಕ್ತರಿಗೆ ತಿಳಿಸಲಾಗುವುದು. ಗುಣವಾಗುತ್ತದೆಂಬ ಭರವಸೆಯ ಮಾತನ್ನು ಮಠದ ಕಾರ್ಯಾಲಯದಿಂದ ಯಾರೂ ಆಡುವುದಿಲ್ಲ. ರಾಯಚೂರು, ಮಹಬೂಬನಗರ, ಹೈದರಾಬಾದುಗಳಲ್ಲಿ ಇರುವ ವ್ಯಾಪಾರಸ್ಥ ಭಕ್ತರು, ರೋಗಿಯ ಕಡೆಯವರಿಗೆ ಒಂದೆರಡು ದಿನ ಇಳಿದುಕೊಳ್ಳಲು ಸ್ಥಳ ಕೊಡಬಲ್ಲವರಾದರೆ ಕಾರ್ಯಾಲಯಕ್ಕೆ ತಿಳಿಸಬೇಕೆಂದು ಪ್ರಾರ್ಥನೆ. ಈ ಪ್ರಾರ್ಥನೆಯನ್ನು ಈಡೇರಿಸುವುದು ತಮ್ಮ ಕೈಯಲ್ಲಿಯೇ ಇದೆ.

ಮರಿಕಲ್ ಕಡೆಯ ಆ ಭಕ್ತರ ಮನೆಗೆ ನಾವು ಕಾರ್ತಿಕದಲ್ಲಿ ಹೋಗಿಬಂದೆವು. ಅವರ ಮನೆಯವರಿಗೆ ಗೆತ್ಸೇಮನೆಯ ಕಥೆಯನ್ನು ಹೇಳಿದೆವು. ಲಿಂಗಾಯತ ಮಠದ ಕಾರ್ಯದರ್ಶಿ ಬಂದು ಯೇಸುವಿನ ಕಥೆ ಹೇಳುವುದನ್ನು ಕೇಳಿ ಅವರಿಗೆ ಮೊದಲು ಆಶ್ಚರ್ಯವಾಯಿತು. ಪೂರ್ತಿ ಕೇಳಿ, “ಆತನ ತಾಯಿಯೂ ಅಲ್ಲಿಯೇ ಇದ್ದಳೇನು?” ಎಂದು ಕೇಳಿದರು. ಶಿಲುಬೆಯ ಹತ್ತಿರ ತಾಯಿ ನಿಂತಿದ್ದಳೆಂದು ಅವರ ಗ್ರಂಥದಲ್ಲಿದೆ ಎಂದೆವು. ಅವರು ಮತ್ತೇನೂ ಕೇಳಲಿಲ್ಲ. ಒಳಗೆ ಹೋಗಿ ನಮಗೆ ರೊಟ್ಟಿ ಬಡಿದರು. ನಮ್ಮ ಒತ್ತಾಯಕ್ಕೆ ತಾವೂ ಒಂದು ತುತ್ತು ಉಂಡರು.

— ಕಾರ್ಯದರ್ಶಿ